ಸಹಾಯ ಬೇಕು: ಅಪ್ಪನ ಮನಸ್ಸು ಹಗುರಾಗಲು ದಾರಿ ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 68 ವರ್ಷ, ಮೈಸೂರಿನಲ್ಲಿದ್ದಾರೆ. ಅಮ್ಮ ತೀರಿಕೊಂಡ ಮೇಲೆ ಸಣ್ಣಪುಟ್ಟದ್ದಕ್ಕೂ ರೇಗುತ್ತಾರೆ. ಕಾಫಿ ಸ್ವಲ್ಪ ಆರಿದ್ದರೂ ಲೋಟ ಕುಕ್ಕಿ ಎದ್ದು ಹೋಗುತ್ತಾರೆ. ಕೇಳಿದರೆ "ಎದೆ ಭಾರ, ಅಷ್ಟೇ" ಅಂತಾರೆ. ಇಸಿಜಿ, ಥೈರಾಯ್ಡ್, ಬಿ12 ಎಲ್ಲ ಸರಿಯಿದೆ. ವಯಸ್ಸಾದವರಲ್ಲಿ ಖಿನ್ನತೆ ಹೀಗೆ ಸಿಟ್ಟಾಗಿ, ಮೈಕೈ ನೋವಾಗಿ ಕಾಣಿಸಿಕೊಳ್ಳುವುದೂ ಉಂಟು, ವಯಸ್ಸಾಯ್ತು ಅಂತ ಸುಮ್ನೆ ಬಿಡಬೇಡಿ ಎಂದರು ಡಾಕ್ಟರ್.

ಮನೋವೈದ್ಯರ ಹತ್ತಿರ ಹೋಗೋಣ ಅಂದರೆ ಅಪ್ಪ ಸುತಾರಾಂ ಒಪ್ಪುತ್ತಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸೋಣ ಅಂತಿದ್ದೇನೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಮನೆಯ ಹಿರಿಯರು ಯಾರಾದರೂ ಮಾತಾಡಿದ್ದಾರಾ? ಮೊದಲು ಅವರನ್ನು ಹೇಗೆ ಒಪ್ಪಿಸಿದಿರಿ? ಕುವೆಂಪುನಗರದ ಸುತ್ತಮುತ್ತ ಹಿರಿಯರು ಸೇರಿ ಮನಬಿಚ್ಚಿ ಮಾತಾಡುವ ಗುಂಪು ಗೊತ್ತಿದ್ದರೂ ದಯವಿಟ್ಟು ತಿಳಿಸಿ.