ಪೂರ್ತಿ ಕಥೆ ಓದಿ ಯೂಟ್ಯೂಬಿಗೆ ಹಾಕಬಹುದೇ?

ಕಥೆಕೇಳು
ನಾನು ಮತ್ತು ಇಬ್ಬರು ಗೆಳತಿಯರು ಕನ್ನಡದ ಸಣ್ಣಕಥೆಗಳನ್ನು ಓದಿ, ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತೇವೆ. ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಲೇಖಕರ ಹೆಸರು, ಪುಸ್ತಕದ ಹೆಸರು ಹೇಳಿಯೇ ಓದು ಶುರು ಮಾಡುತ್ತೇವೆ. ವಿಡಿಯೊ ಕೆಳಗೆ "ಕಾಪಿರೈಟ್ ಉಲ್ಲಂಘಿಸುವ ಉದ್ದೇಶವಿಲ್ಲ" ಅಂತಲೂ ಬರೆದಿರುತ್ತೇವೆ. ಹೋದ ವಾರ ಒಬ್ಬ ಲೇಖಕರ ಮಗಳು, "ಅಪ್ಪನ ಕಥೆ ಪೂರ್ತಿ ಓದಿದ್ದೀರಿ, ನಮ್ಮನ್ನು ಒಂದು ಮಾತು ಕೇಳಿದ್ದೀರಾ?" ಅಂತ ಕಾಮೆಂಟ್ ಹಾಕಿದರು. ಇಂಥದ್ದು ಫೇರ್ ಯೂಸ್, ಅಂದರೆ ಅನುಮತಿ ಇಲ್ಲದೆಯೂ ಮಾಡಬಹುದಾದ ಬಳಕೆಯ ಒಳಗೆ ಬರುತ್ತದೆ ಅಲ್ವಾ? ತಿಳಿದವರು ಹೇಳಿ.

ಸಾಗರದ ವಕೀಲ
ಬರುವುದಿಲ್ಲ ಮೇಡಂ. ಫೇರ್ ಯೂಸ್ ಅಮೆರಿಕದ ಕಾನೂನು. ಬಳಕೆಯ ಉದ್ದೇಶ ಏನು, ಕೃತಿ ಎಂಥದ್ದು, ಎಷ್ಟು ಭಾಗ ತೆಗೆದುಕೊಂಡರು, ಅದರ ಮಾರಾಟಕ್ಕೆ ಎಷ್ಟು ಪೆಟ್ಟು ಬಿತ್ತು ಅನ್ನುವ ನಾಲ್ಕು ಅಂಶ ನೋಡಿ ಅಲ್ಲಿನ ಕೋರ್ಟು ತೀರ್ಮಾನಿಸುತ್ತದೆ. ನಮ್ಮದು 1957ರ ಕಾಪಿರೈಟ್ ಕಾಯ್ದೆ. ಅದರ 52ನೇ ಸೆಕ್ಷನ್ನಿನಲ್ಲಿ ಯಾವ್ಯಾವ ಬಳಕೆಗೆ ಅನುಮತಿ ಬೇಡ ಅಂತ ಉದ್ದದ ಪಟ್ಟಿಯೇ ಇದೆ. ಸ್ವಂತ ಓದು, ಸಂಶೋಧನೆ, ವಿಮರ್ಶೆ, ಸುದ್ದಿ ವರದಿ, ಪಾಠ ಎಲ್ಲ ಅದರಲ್ಲಿ ಬರುತ್ತವೆ.

ನಿಮ್ಮ ವಿಷಯಕ್ಕೆ ತೀರಾ ಹತ್ತಿರದ ಸಾಲು 52(1)(ಜಿ). ಪ್ರಕಟವಾದ ಕೃತಿಯ "ಸಮಂಜಸ ಭಾಗ"ವನ್ನು ಸಾರ್ವಜನಿಕವಾಗಿ ಓದಬಹುದು ಅನ್ನುತ್ತದೆ ಅದು. ಇಡೀ ಕಥೆಗೆ ಅಲ್ಲಿ ಜಾಗವಿಲ್ಲ. ಎಷ್ಟು ಭಾಗ ಸಮಂಜಸ ಅನ್ನುವುದಕ್ಕೆ ಅಳತೆ ಕೊಟ್ಟಿಲ್ಲ. 30 ಸೆಕೆಂಡಾದರೆ ಪರವಾಗಿಲ್ಲ, ಶೇಕಡಾ 10 ಆದರೆ ಪರವಾಗಿಲ್ಲ ಅನ್ನುವುದೆಲ್ಲ ಜನ ಹುಟ್ಟಿಸಿದ ಲೆಕ್ಕ. ಉದ್ದೇಶವಿಲ್ಲ ಅಂತ ಬರೆದುಕೊಳ್ಳುವುದರಿಂದ ಕಾನೂನಿನಲ್ಲಿ ಏನೂ ಬದಲಾಗುವುದಿಲ್ಲ. ಲೇಖಕರ ಹೆಸರು ಹೇಳುತ್ತಿರುವುದು ಒಳ್ಳೆಯದು, 57ನೇ ಸೆಕ್ಷನ್ ಪ್ರಕಾರ ಹೆಸರು ಅವರ ಹಕ್ಕು. ಆದರೆ ಹೆಸರು ಹೇಳಿದ ಮಾತ್ರಕ್ಕೆ ಅನುಮತಿ ಸಿಕ್ಕಂತೆ ಆಗುವುದಿಲ್ಲ.

ಹಳೆಪುಸ್ತಕ
ಸರ್, ಕಾಯ್ದೆ ಸರಿ. ಆದರೆ ಕನ್ನಡದ ಎಷ್ಟು ಒಳ್ಳೆಯ ಕಥಾಸಂಕಲನಗಳು ಇವತ್ತು ಅಂಗಡಿಯಲ್ಲಿ ಸಿಗುತ್ತವೆ ಹೇಳಿ? ಒಂದು ಮುದ್ರಣ ಮುಗಿದರೆ ಮುಗಿಯಿತು. ಆಮೇಲೆ ಗ್ರಂಥಾಲಯದ ಮೂಲೆಯಲ್ಲಿ ಗೆದ್ದಲು ತಿನ್ನಬೇಕು. ಇಂಥ ಚಾನೆಲ್‌ಗಳಿಂದಲೇ ಹೊಸ ಹುಡುಗರ ಕಿವಿಗೆ ಆ ಕಥೆಗಳು ಬೀಳುತ್ತಿವೆ. ಈ ಕಾನೂನು ಯಾರ ಪರ ಅಂತ ನೋಡಿ. ಲೇಖಕ ಸತ್ತ ಮೇಲೆ 50 ವರ್ಷ ಇದ್ದ ಕಾಪಿರೈಟ್ ಅವಧಿಯನ್ನು 1992ರಲ್ಲಿ 60 ಮಾಡಿದರು. ಟ್ಯಾಗೋರರ ಕೃತಿಗಳು ಎಲ್ಲರಿಗೂ ಸಿಗುವ ಹೊತ್ತಿಗೆ ಸರಿಯಾಗಿ!

ಇನ್ನೊಂದು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರಕಾಶಕರು ಹೂಡಿದ್ದ ಕೇಸು 2016ರಲ್ಲಿ ಬಿದ್ದುಹೋಯಿತಲ್ಲ? ಅಧ್ಯಾಯಕ್ಕೆ ಅಧ್ಯಾಯವೇ ನಕಲು ಮಾಡಬಹುದಾದರೆ ಕಥೆ ಓದಲು ಏನು ಅಡ್ಡಿ?

ಸಾಗರದ ವಕೀಲ
ಆ ತೀರ್ಪು ನಿಂತಿದ್ದು ಪಾಠದ ಮೇಲೆ. ಕೋರ್ಸಿಗೆ ಗೊತ್ತು ಮಾಡಿದ ಭಾಗಗಳನ್ನು ವಿದ್ಯಾರ್ಥಿಗಳಿಗಾಗಿ ನಕಲು ಮಾಡಿದ್ದು ಬೋಧನೆಯ ಅಂಗ ಅಂತ ಕೋರ್ಟು ನೋಡಿತು. ಇದೇ ಕಥೆಗಳನ್ನು ಮೇಡಂ ತರಗತಿಯಲ್ಲಿ ಮಕ್ಕಳಿಗೆ ಪಾಠ ಮಾಡಿದ್ದರೆ ನಾನು ಈ ಮಾತು ಎತ್ತುತ್ತಲೇ ಇರಲಿಲ್ಲ. ಯೂಟ್ಯೂಬ್ ಹಾಗಲ್ಲವಲ್ಲ.

ಅಚ್ಚಿನಮನೆ
ನಾನು ಸಣ್ಣ ಪ್ರಕಾಶಕಿ. ಹಳೆಪುಸ್ತಕ ಅವರ ಸಂಕಟ ನನ್ನದೂ ಹೌದು. ಆದರೂ ಸುಮ್ನೆ ಇರಲಾರೆ. ಲೇಖಕರಿಗೆ ನಾವು ಕೊಡುವುದು ಮುಖಬೆಲೆಯ ಶೇಕಡಾ 10. ಪುಸ್ತಕಕ್ಕೆ 200 ರೂಪಾಯಿ ಅಂದರೆ ಅವರ ಕೈಗೆ 20. ವರ್ಷಕ್ಕೆ ಇನ್ನೂರು ಪ್ರತಿ ಹೋದರೆ ನಾಲ್ಕು ಸಾವಿರ. ಬರೆದು ಬದುಕುವ ಮಾತು ದೂರ ಇರಲಿ, ಕಾಗದ, ಪೆನ್ನು, ಓಡಾಟಕ್ಕೂ ಸಾಲದು.

ಈಗೀಗ ಒಂದಿಷ್ಟು ಆಸೆ ಹುಟ್ಟಿಸಿರುವುದು ಆಡಿಯೊ. ನಮ್ಮ ಒಂದು ಸಂಕಲನಕ್ಕೆ ಆಡಿಯೊದವರು ಬಂದಿದ್ದರು, ಮಾತುಕತೆ ಮುಗಿಯುವ ಹಂತದಲ್ಲಿತ್ತು. ಆಮೇಲೆ ನೋಡಿದರೆ ಅದರ ಎಲ್ಲ ಕಥೆಗಳೂ ಯಾರದೋ ಚಾನೆಲ್‌ನಲ್ಲಿ ಮೊದಲೇ ಇದ್ದವು, ಬಿಟ್ಟಿಯಾಗಿ. ಬಂದವರು ಹಿಂದೆ ಸರಿದರು. ಓದಿದವರಿಗೆ ಕಥೆಯ ಮೇಲೆ ಪ್ರೀತಿ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಕಳೆದುಕೊಂಡದ್ದು ಲೇಖಕಿ. ಅವರಿಗೆ ಫೋನ್ ಮಾಡಿ ಹೇಳುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. "ನನ್ನನ್ನು ಕೇಳಿದ್ದರೆ ಎರಡು ಕಥೆ ಖುಷಿಯಿಂದ ಕೊಡುತ್ತಿದ್ದೆ" ಅಂದರು.

ನಯನ ದಾವಣಗೆರೆ
ನನ್ನ ಸೋದರತ್ತೆಗೆ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಗಿದೆ. ಮೊದಲು ದಿನಕ್ಕೊಂದು ಪುಸ್ತಕ ಮುಗಿಸುತ್ತಿದ್ದ ಮನುಷ್ಯೆ. ಮಧ್ಯಾಹ್ನ ಊಟ ಆದ ಮೇಲೆ ಮೊಬೈಲನ್ನು ದಿಂಬಿನ ಪಕ್ಕ ಇಟ್ಟುಕೊಂಡು ಇಂಥ ಚಾನೆಲ್‌ನಲ್ಲೇ ಕಥೆ ಕೇಳುತ್ತಾರೆ. ಓದುವವರು ಸಾಲು ಬಿಟ್ಟರೆ "ಹಾರಿಸಿದಳು ನೋಡು" ಅಂತಾರೆ, ಅಷ್ಟು ನೆನಪು. ನೀವೆಲ್ಲ ಹೇಳಿದಂತೆ ಮಾಡಿದರೆ ಅವರಿಗೆ ಏನು ಉಳಿಯುತ್ತದೆ?

ಸಾಗರದ ವಕೀಲ
ನಯನ ಅವರೇ, ನಿಮ್ಮ ಅತ್ತೆಯಂಥವರಿಗಾಗಿಯೇ 2012ರ ತಿದ್ದುಪಡಿಯಲ್ಲಿ 52(1)(ಜೆಡ್‌ಬಿ) ಸೇರಿಸಿದ್ದಾರೆ. ಕಣ್ಣು ಕಾಣದವರಿಗೆ ಬೇಕಾದ ರೂಪದಲ್ಲಿ, ಅಂದರೆ ಆಡಿಯೊ, ಬ್ರೈಲ್ ಯಾವುದೇ ಇರಲಿ, ಪೂರ್ತಿ ಪುಸ್ತಕವನ್ನೇ ಮಾಡಿ ಕೊಡಬಹುದು. ಯಾರ ಅನುಮತಿಯೂ ಬೇಡ. ಲಾಭಕ್ಕೆ ಮಾಡಬಾರದು, ಅಷ್ಟೇ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ. ನೀವು ಇವತ್ತೇ ಒಂದು ಕಾದಂಬರಿ ಓದಿ ರೆಕಾರ್ಡ್ ಮಾಡಿ ಅತ್ತೆಗೆ ಕೊಡಿ, ಅವರಂಥ ಇನ್ನೂ ಹತ್ತು ಜನಕ್ಕೆ ಕಳಿಸಿ. ಕಾನೂನು ನಿಮ್ಮ ಬೆನ್ನಿಗಿದೆ. ಎಲ್ಲರಿಗೂ ತೆರೆದಿಟ್ಟ ಚಾನೆಲ್‌ಗೆ ಮಾತ್ರ ಆ ರಕ್ಷಣೆ ಸಿಗುವುದಿಲ್ಲ.

ನಯನ ದಾವಣಗೆರೆ
ಇದು ಗೊತ್ತೇ ಇರಲಿಲ್ಲ ಸರ್. ಹಾಗಾದರೆ ಅಂಧರ ಶಾಲೆಯವರ ಜೊತೆ ಸೇರಿ ಮಾಡಬಹುದು ಅಂತಾಯಿತು.

ರಂಗದ ಮೇಷ್ಟ್ರು
ನಾಟಕದ್ದೂ ಹೇಳಿಬಿಡಿ ವಕೀಲರೇ. ನವೆಂಬರ್ ಬಂದರೆ ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಇದೇ ಗಲಾಟೆ.

ಸಾಗರದ ವಕೀಲ
ಶಾಲೆಯಲ್ಲಿ ಮಕ್ಕಳೋ ಶಿಕ್ಷಕರೋ ಆಡಿ, ನೋಡುವವರು ಶಿಕ್ಷಕರು, ಮಕ್ಕಳು, ಪೋಷಕರಷ್ಟೇ ಆದರೆ ಅನುಮತಿ ಬೇಡ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಆಡಿದರೂ ಬೇಡ. ಕೋಟ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ಜಗಳ ಉಡುಪಿಯಿಂದ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಕಾರಂತರ ಉಯಿಲಿನಿಂದ ಹಕ್ಕು ಪಡೆದವರ ಪರವಾಗಿಯೇ 2009ರಲ್ಲಿ ತೀರ್ಪು ಬಂತು. ಆದರೂ 52ನೇ ಸೆಕ್ಷನ್ನಿನ ವಿನಾಯಿತಿಗಳು ಎದುರು ಪಕ್ಷಕ್ಕೂ ಸಿಗುತ್ತವೆ ಅಂತ ಕೋರ್ಟು ಹೇಳಿತು. ಮದುವೆ ಮನೆಯಲ್ಲಿ ಹಾಡು ಹಾಕುವುದಕ್ಕೂ ವಿನಾಯಿತಿ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಣೆಯನ್ನೇ ಹೊರಡಿಸಿತು.

ಕಥೆಕೇಳು
ಹಾಗಾದರೆ ಯಾರನ್ನೂ ಕೇಳದೆ ಓದಬಹುದಾದ ಲೇಖಕರು ಯಾರು?

ಸಾಗರದ ವಕೀಲ
ಲೇಖಕರು ತೀರಿಕೊಂಡ ವರ್ಷ ನೋಡಿ, ಅದರ ಮುಂದಿನ ಜನವರಿಯಿಂದ 60 ವರ್ಷ ಎಣಿಸಿ. ಪಂಜೆ ಮಂಗೇಶರಾಯರು 1937, ಕೈಲಾಸಂ 1946. ಇಬ್ಬರೂ ಮುಕ್ತ. ತ್ರಿವೇಣಿ 1963ರಲ್ಲಿ ತೀರಿಕೊಂಡರು, ಆದ್ದರಿಂದ ಅವರು ಬದುಕಿದ್ದಾಗ ಪ್ರಕಟವಾದದ್ದೆಲ್ಲ 2024ರ ಜನವರಿ 1ರಿಂದ ಮುಕ್ತ. ನಿಮ್ಮ ಚಾನೆಲ್‌ಗೆ ಅವರ ಕಥೆಗಳಿಗಿಂತ ಬೇಕಾ? ಮರಣದ ನಂತರ ಪ್ರಕಟವಾದವಕ್ಕೆ ಪ್ರಕಟಣೆಯ ವರ್ಷದಿಂದ ಲೆಕ್ಕ. ಬೇಂದ್ರೆಯವರಿಗೆ 2041 ಮುಗಿಯಬೇಕು, ಮಾಸ್ತಿಯವರಿಗೆ 2046.

ಅಚ್ಚಿನಮನೆ
ನಿರಂಜನರನ್ನು ಮರೆಯಬೇಡಿ. ಅವರ ಪುಸ್ತಕಗಳನ್ನು ಕುಟುಂಬದವರು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಹೆಸರು ಹಾಕಬೇಕು, ನೀವು ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು.

ಹಳೆಪುಸ್ತಕ
ಎಲ್ಲ ಒಪ್ಪುವಂಥದ್ದೇ. ಆದರೆ ನನ್ನ ಕಪಾಟಿನಲ್ಲಿ 1970ರ ದಶಕದ ಸಂಕಲನಗಳಿವೆ. ಪ್ರಕಾಶನ ಮುಚ್ಚಿದೆ, ಲೇಖಕರು ಇಲ್ಲ, ಮಕ್ಕಳು ಯಾವ ಊರಲ್ಲಿದ್ದಾರೋ. ಯಾರನ್ನು ಕೇಳಲಿ?

ಸಾಗರದ ವಕೀಲ
31ಎ ಸೆಕ್ಷನ್ ಇದೆ. ಲೇಖಕರು ಪತ್ತೆ ಇಲ್ಲದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅರ್ಜಿ ಹಾಕಿ, ನಿಗದಿ ಮಾಡಿದ ರಾಯಲ್ಟಿ ಕಟ್ಟಿ ಪರವಾನಗಿ ಪಡೆಯಬಹುದು.

ಹಳೆಪುಸ್ತಕ
ಎಂಟು ಪುಟದ ಒಂದು ಕಥೆಗೆ ಪೇಪರಿನಲ್ಲಿ ಜಾಹೀರಾತು, ಅರ್ಜಿ, ವಕೀಲರ ಫೀಸು! ಯಾವ ಓದುಗ ಮಾಡುತ್ತಾನೆ ಸರ್? ಕಾಯ್ದೆ ಬದಲಾಗಬೇಕಾದ್ದು ಇಲ್ಲೇ. ಈ ಮಾತನ್ನು ನಾನು ಬಿಡುವುದಿಲ್ಲ.

ಸಾಗರದ ವಕೀಲ
ಬಿಡಬೇಡಿ. ಆ ದಾರಿ ಸಾಮಾನ್ಯ ಓದುಗನಿಗೆ ಎಟುಕುವುದಿಲ್ಲ ಅನ್ನುವುದು ನಿಜ.

ಅಚ್ಚಿನಮನೆ
ಹಳೆಪುಸ್ತಕ ಅವರೇ, ಆ ಲೇಖಕರ ಹೆಸರು, ಊರು, ಪ್ರಕಾಶನದ ಹೆಸರು ಇಲ್ಲೇ ಬರೆಯಿರಿ. ಹಳೆಯ ಪ್ರಕಾಶಕರ ಮನೆಯವರು ಒಂದಿಷ್ಟು ಜನ ನನಗೆ ಪರಿಚಯ, ವಿಚಾರಿಸುತ್ತೇನೆ. ಕಥೆಕೇಳು ಮೇಡಂ, ನೀವು ಆ ಮಗಳಿಗೆ ಇವತ್ತೇ ಬರೆಯಿರಿ. ಯಾವ ಕಥೆ, ಎಲ್ಲಿ ಹಾಕಿದ್ದೀರಿ, ದುಡ್ಡು ಬರುತ್ತದೋ ಇಲ್ಲವೋ, ಬೇಡ ಅಂದರೆ ತೆಗೆಯುತ್ತೀರೋ, ನಾಲ್ಕನ್ನೂ ತಿಳಿಸಿ. ಒಪ್ಪಿದರೆ ಉತ್ತರವನ್ನು ಬರಹದಲ್ಲೇ ಇಟ್ಟುಕೊಳ್ಳಿ, ವಾಟ್ಸಾಪ್ ಬೇಡ, ಇಮೇಲ್ ಇರಲಿ.

ಕಥೆಕೇಳು
ಬರೆಯುತ್ತೇನೆ ಅಕ್ಕ. ಅವರ ಉತ್ತರ ಬರುವ ತನಕ ಆ ವಿಡಿಯೊ ಪ್ರೈವೇಟ್ ಮಾಡಿದ್ದೇನೆ. ಮುಂದಿನ ವಾರಕ್ಕೆ ತ್ರಿವೇಣಿಯವರ ಕಥೆ ಹುಡುಕುತ್ತಿದ್ದೇವೆ.