ಅಪ್‌ಡೇಟ್: ದಕ್ಷಿಣ ಸುಡಾನ್‌ನಲ್ಲಿರುವ ತಮ್ಮನಿಗೆ ಎಳ್ಳು-ಬೆಲ್ಲ ತಲುಪಿತು

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ದಕ್ಷಿಣ ಸುಡಾನ್‌ನಲ್ಲಿರುವ ನನ್ನ ತಮ್ಮನಿಗೆ ಸಂಕ್ರಾಂತಿಯೊಳಗೆ ಎಳ್ಳು-ಬೆಲ್ಲ ಕಳುಹಿಸುವುದು ಹೇಗೆಂದು ಮೈಸೂರಿನಿಂದ ಈ ವೇದಿಕೆಯಲ್ಲಿ ಕೇಳಿದ್ದೆ. ಜನವರಿ 11ರಂದು ಪಾರ್ಸೆಲ್ ಅವನ ಕೈ ಸೇರಿತು.

ಖಾಸಗಿ ಕೊರಿಯರ್‌ನಲ್ಲಿ ಕಳುಹಿಸಿ ಎಂಬ ಸಲಹೆ ಫಲಿಸಲಿಲ್ಲ. ಬೀದಿಯ ವಿಳಾಸವಿಲ್ಲವೆಂದು ಅವರು ಪೊಟ್ಟಣವನ್ನು ತೆಗೆದುಕೊಳ್ಳಲೇ ಇಲ್ಲ. ಕೈಹಿಡಿದದ್ದು ನಿವೃತ್ತ ಸುಬೇದಾರರೊಬ್ಬರು ಇಲ್ಲಿ ತಿಳಿಸಿದ ಕ್ರಮ: ಸೈನಿಕ ಸಂಖ್ಯೆ, ಹುದ್ದೆ, ಹೆಸರು, ಘಟಕ, ಕೊನೆಯಲ್ಲಿ 56 ಎಪಿಒ (ಸೇನಾ ಅಂಚೆ ಕಚೇರಿ) ಎಂದಷ್ಟೇ ಬರೆದು, ದೇಶದ ಹೆಸರನ್ನು ಎಲ್ಲಿಯೂ ನಮೂದಿಸದೆ, ನವೆಂಬರ್ ಕೊನೆಯಲ್ಲೇ ಅಂಚೆಗೆ ಹಾಕುವುದು. ಅಲ್ಲಿಂದ ಮುಂದೆ ಸೇನಾ ಅಂಚೆ ಸೇವೆಯೇ ಒಯ್ಯುವುದರಿಂದ ದೇಶದೊಳಗಿನ ದರವೇ ಸಾಕಾಯಿತು ಎಂಬುದು ನನಗೆ ನಿಜಕ್ಕೂ ಅಚ್ಚರಿ ತಂದಿತು.

ದೇವರಾಜ ಮಾರುಕಟ್ಟೆಯಿಂದ ತಂದ ಸಕ್ಕರೆ ಅಚ್ಚಿನ ಆನೆಯ ಸೊಂಡಿಲು ಮುರಿದಿತ್ತಂತೆ, ಕೊಬ್ಬರಿ ಕಮಟಾಗಿತ್ತಂತೆ. ಆದ್ದರಿಂದ ಕೊಬ್ಬರಿಯನ್ನು ಬಿಟ್ಟುಬಿಡಿ. ಎಳ್ಳು, ಹುರಿಗಡಲೆ, ಬೆಲ್ಲ ಚೆನ್ನಾಗಿದ್ದವು. ಅವನು ಅವನ್ನು ಜೊತೆಗಾರರಿಗೆಲ್ಲ ಹಂಚಿದನು. ಆ ಸುಬೇದಾರರಿಗೆ ನಮ್ಮ ತಾಯಿಯ ನಮಸ್ಕಾರಗಳು.