‘ಸಂಪೀಡನ ಬ್ರೇಕ್’ ಸರಿಯೇ? ಹಳೆಯ ಲಾರಿಗಳ ಎಂಜಿನ್ ಬ್ರೇಕಿಗೆ ಪದ ಬೇಕಾಗಿದೆ

ಹಳೆಯ ಭಾರೀ ಲಾರಿಗಳ ಡೀಸೆಲ್ ಎಂಜಿನ್‌ಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಪಿಸ್ಟನ್, ವಾಲ್ವ್, ಇಂಜೆಕ್ಟರ್‌ಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅವು ಎಂದೋ ಕನ್ನಡವಾಗಿವೆ. ನನ್ನ ಕೈ ತಡೆದದ್ದು, ಇಳಿಜಾರಿನಲ್ಲಿ ಎಂಜಿನ್ನಿನಿಂದಲೇ ಲಾರಿಯ ವೇಗವನ್ನು ತಗ್ಗಿಸುವ ಸಾಧನದ ‘ಜೇಕ್ ಬ್ರೇಕ್’ ಎಂಬ ಹೆಸರಿನ ಹತ್ತಿರ. ಮೊದಲು ‘ಸಂಪೀಡನ ಬ್ರೇಕ್’ (ಸಂಪೀಡನ ಎಂದರೆ ಅದುಮುವುದು) ಎಂದು ಬರೆದಿದ್ದೆ. ಎರಡು ದಿನ ಬಿಟ್ಟು ಓದಿದಾಗ ಆ ಪದ ಅರ್ಥವನ್ನೇ ತಲೆಕೆಳಗು ಮಾಡಿದೆ ಎನ್ನಿಸಿತು.

ಯಾಕೆಂದರೆ, ಡೀಸೆಲ್ ಎಂಜಿನ್ ಗಾಳಿಯನ್ನು ಸುಮಾರು ಹದಿನೈದು ಪಟ್ಟು ಅದುಮುತ್ತದೆ. ಇಳಿಜಾರಿನಲ್ಲಿ ಇಂಧನ ನಿಲ್ಲಿಸಿದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಗಾಳಿಯನ್ನು ಅದುಮಲು ಲಾರಿಯ ಓಟದ ಶಕ್ತಿ ವ್ಯಯವಾಗುತ್ತದೆ. ಆದರೆ ಅದುಮಿಟ್ಟ ಗಾಳಿ ಸ್ಪ್ರಿಂಗ್ ಇದ್ದಂತೆ. ಮರುಗಳಿಗೆಯಲ್ಲೇ ಪಿಸ್ಟನ್ನನ್ನು ಕೆಳಗೆ ದೂಡಿ, ಪಡೆದದ್ದರಲ್ಲಿ ಬಹುಪಾಲನ್ನು ಹಿಂದಿರುಗಿಸಿಬಿಡುತ್ತದೆ. ಹೀಗಾಗಿ ಬರೀ ಸಂಪೀಡನದಿಂದ ಲಾರಿ ಹೆಚ್ಚು ನಿಧಾನವಾಗುವುದಿಲ್ಲ. ಪಿಸ್ಟನ್ ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ, ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವನ್ನು ತುಸುವೇ ತೆರೆದು, ಅದುಮಿದ ಗಾಳಿಯನ್ನು ಹೊರಕ್ಕೆ ಬಿಟ್ಟುಬಿಡುವುದು ಜೇಕ್ ಬ್ರೇಕಿನ ಕೆಲಸ. ಸ್ಪ್ರಿಂಗೇ ಮಾಯವಾದ ಮೇಲೆ ದೂಡುವವರು ಯಾರು? ಸೈಲೆನ್ಸರ್ ಸರಿಯಿಲ್ಲದ ಲಾರಿ ಇಳಿಜಾರಿನಲ್ಲಿ ಪಟಪಟನೆ ಸಿಡಿಯುವ ಸದ್ದು ಈ ಬಿಡುಗಡೆಯದೇ. ಪದ ಹುಟ್ಟಬೇಕಾದದ್ದು ‘ಬಿಡು’ವಿನಿಂದ ಎನ್ನುವುದು ನನ್ನ ವಾದ.

ಹುಟ್ಟಿದ ಕಥೆಯೂ ಇದನ್ನೇ ಹೇಳುತ್ತದೆ. 1931ರಲ್ಲಿ ಅಮೆರಿಕದ ಎಂಜಿನ್ ತಯಾರಕ ಕ್ಲೆಸಿ ಕಮಿನ್ಸ್ ತಮ್ಮ ಡೀಸೆಲ್ ಎಂಜಿನ್ ಕೂರಿಸಿದ ಲಾರಿಯಲ್ಲಿ ಅಮೆರಿಕವನ್ನು ಅಡ್ಡ ಹಾಯ್ದು ಬರುತ್ತಿದ್ದಾಗ, ಕ್ಯಾಲಿಫೋರ್ನಿಯಾದ ಕಹೋನ್ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಿತು. ಕೆಳಗೆ ರೈಲು ಹಳಿ, ಹಳಿಯ ಮೇಲೆ ಗೂಡ್ಸ್ ರೈಲು. ಕೂದಲೆಳೆಯಲ್ಲಿ ಪಾರಾದರು. ಆ ಭಯ ಮನಸ್ಸಿನಲ್ಲೇ ಉಳಿದು, ನಿವೃತ್ತರಾದ ಮೇಲೆ ಅದಕ್ಕೆ ಉತ್ತರ ಹೊಳೆಯಿತು. ಅವರ ಎಂಜಿನ್ನಿನಲ್ಲಿ ಇಂಜೆಕ್ಟರನ್ನು ಒತ್ತಲು ಪ್ರತ್ಯೇಕ ಕ್ಯಾಮ್ (ತಿರುಗುತ್ತಾ ಒತ್ತುವ ಉಬ್ಬು) ಇತ್ತು, ಅದು ಏಳುತ್ತಿದ್ದುದು ಪಿಸ್ಟನ್ ತುದಿಗೆ ಬರುವ ಹೊತ್ತಿನಲ್ಲೇ. ಆ ಚಲನೆಯನ್ನೇ ಎರವಲು ಪಡೆದು, ಎಂಜಿನ್ ಆಯಿಲ್ ತುಂಬಿದ ಸಣ್ಣ ಪಿಸ್ಟನ್‌ಗಳ ಮೂಲಕ ಎಕ್ಸಾಸ್ಟ್ ವಾಲ್ವಿಗೆ ದಾಟಿಸಿದರು. ಬೇಕಾದ ಗಳಿಗೆ ಎಂಜಿನ್ನಿನೊಳಗೆ ಮೊದಲೇ ಇತ್ತು! ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಚೆಲುವಾಗಿ ಕಾಣುವ ಸಂಗತಿ ಇದು. ಅದನ್ನು 1961ರಲ್ಲಿ ಮಾರುಕಟ್ಟೆಗೆ ತಂದದ್ದು ಬೈರಿಗೆಯ ಮೊನೆಯನ್ನು ಬಿಗಿಹಿಡಿಯುವ ಡ್ರಿಲ್ ಚಕ್‌ಗಳಿಗೆ ಹೆಸರಾಗಿದ್ದ ಜೇಕಬ್ಸ್ ಕಂಪನಿ. ಜೇಕಬ್ಸ್ ಜನರ ಬಾಯಲ್ಲಿ ‘ಜೇಕ್’ ಆಯಿತು. ನಕಲು ಪ್ರತಿಗೆಲ್ಲ ನಾವು ‘ಜೆರಾಕ್ಸ್’ ಎಂದ ಹಾಗೆ, ಯಾರೇ ತಯಾರಿಸಿದರೂ ಈಗ ಅದು ಜೇಕ್ ಬ್ರೇಕ್.

ಲಾರಿಗಳಲ್ಲಿ ಬರುವ ಇನ್ನೊಂದು ಸಾಧನ, ಎಕ್ಸಾಸ್ಟ್ ಬ್ರೇಕ್, ಇದಕ್ಕೆ ತದ್ವಿರುದ್ಧ. ಅಲ್ಲಿ ಹೊಗೆಕೊಳವೆಯ ನಡುವೆ ಒಂದು ಚಿಟ್ಟೆವಾಲ್ವ್ ಮುಚ್ಚಿಕೊಳ್ಳುತ್ತದೆ, ಹೊರಹೋಗಬೇಕಾದ ಗಾಳಿ ಹಿಂದೆ ಕಟ್ಟಿಕೊಳ್ಳುತ್ತದೆ, ಆ ಒತ್ತಡದ ಎದುರು ಪಿಸ್ಟನ್ ಹೆಣಗಬೇಕಾಗುತ್ತದೆ. ಒಂದು ಬಿಟ್ಟು ತಡೆಯುತ್ತದೆ, ಇನ್ನೊಂದು ಕಟ್ಟಿ ತಡೆಯುತ್ತದೆ. ಆದ್ದರಿಂದ ‘ಬಿಡುತಡೆ’, ‘ಕಟ್ಟುತಡೆ’ ಎಂಬ ಜೋಡಿ ಹೊಳೆಯಿತು. ‘ಕಟ್ಟುತಡೆ’ಯ ಬಗ್ಗೆ ನನಗೆ ಅನುಮಾನವಿಲ್ಲ, ನೀರಿಗೆ ಕಟ್ಟೆ ಕಟ್ಟುವ ಚಿತ್ರ ಕೂಡಲೇ ಕಣ್ಣಿಗೆ ಬರುತ್ತದೆ. ‘ಬಿಡುತಡೆ’ಯದೇ ತೊಡಕು. ‘ಬ್ರೇಕ್ ಬಿಡು’ ಎಂದರೆ ಬ್ರೇಕನ್ನು ಸಡಿಲಿಸು ಎಂದು ಅರ್ಥ ತಾನೇ? ಇಳಿಜಾರಿನಲ್ಲಿ ಹಾಗೆ ತಪ್ಪು ತಿಳಿದುಕೊಂಡರೆ ಅನಾಹುತ.

ಗೇರ್‌ಬಾಕ್ಸ್ ಅಥವಾ ಚಕ್ರಗಳಿಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಜೋಡಿಸುವ ರಿಟಾರ್ಡರ್ ಬೇರೆಯೇ ಸಾಧನ. ಎಣ್ಣೆಯನ್ನು ಕಲಕಿಯೋ, ಲೋಹದ ತಟ್ಟೆಯಲ್ಲಿ ಸುಳಿ ವಿದ್ಯುತ್ ಹುಟ್ಟಿಸಿಯೋ ಅದು ಓಟವನ್ನು ಶಾಖವಾಗಿಸುತ್ತದೆ. ಆ ಹೆಸರಿನ ಲ್ಯಾಟಿನ್ ಮೂಲಕ್ಕೆ ‘ನಿಧಾನ, ತಡ’ ಎಂಬ ಅರ್ಥ. ನಮ್ಮ ‘ತಡ’ ಮತ್ತು ‘ತಡೆ’ ಕೂಡ ಒಂದೇ ಬೇರಿನವು. ಇವೆಲ್ಲ ಸಾಧನಗಳೂ ಇರುವುದು ಲಾರಿಯನ್ನು ನಿಲ್ಲಿಸಲಿಕ್ಕಲ್ಲ, ಚಕ್ರಗಳ ಬ್ರೇಕ್ ಡ್ರಮ್ಮುಗಳು ಕಾದು ಬಿಸಿಯಾಗದಂತೆ ಇಳಿಜಾರಿನುದ್ದಕ್ಕೂ ವೇಗವನ್ನು ಹತೋಟಿಯಲ್ಲಿಡಲಿಕ್ಕೆ. ಹಾಗಿರುವಾಗ ‘ತಡೆ’ಗಿಂತ ‘ತಡ’ದಿಂದ ಪದ ಕಟ್ಟುವುದು ಮೇಲೇನೋ.

ಕ್ರಿಯಾಪದದ ಪ್ರಶ್ನೆಯೂ ಇದೆ. ಕಾಲಬ್ರೇಕನ್ನು ತುಳಿಯುತ್ತೇವೆ, ಕೈಬ್ರೇಕನ್ನು ಎಳೆಯುತ್ತೇವೆ, ಕೆಟ್ಟರೆ ‘ಬ್ರೇಕ್ ಹಿಡಿಯುತ್ತಿಲ್ಲ’ ಎನ್ನುತ್ತೇವೆ. ಲೈನರ್ ಡ್ರಮ್ಮನ್ನು ನಿಜಕ್ಕೂ ಹಿಡಿಯುವುದರಿಂದ ಅಲ್ಲಿ ‘ಹಿಡಿ’ ಒಪ್ಪುತ್ತದೆ. ಏನನ್ನೂ ಹಿಡಿಯದ ಜೇಕ್ ಬ್ರೇಕಿಗೆ ‘ಹಾಕು’ ಸಾಕೇ?

ಲಾರಿ ಓಡಿಸಿದವರು, ರಿಪೇರಿ ಮಾಡಿದವರು ನಿಮ್ಮಲ್ಲಿದ್ದರೆ ಇವಕ್ಕೆ ನೀವು ಆಡುವ ಮಾತನ್ನೇ ತಿಳಿಸಿ. ಬಳಕೆಯಲ್ಲಿ ಪದವಿದ್ದರೆ ನಾನು ಕಟ್ಟಿದ್ದನ್ನು ಸಂತೋಷದಿಂದ ಕೈಬಿಡುತ್ತೇನೆ. ಇಲ್ಲದಿದ್ದರೆ, ‘ಬಿಡು’ ಎಂಬುದನ್ನು ಉಳಿಸಿಕೊಂಡೂ ತಪ್ಪರ್ಥಕ್ಕೆ ಎಡೆಕೊಡದ ರೂಪವೊಂದನ್ನು ಸೂಚಿಸುತ್ತೀರಾ?